ಚಾಮುಂಡಿ ಬೆಟ್ಟದಿಂದ ಕಾಣುವ ಮಬ್ಬು ಎಲ್ಲಿಯದು?

ಡಿಸೆಂಬರ್, ಜನವರಿಯ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತಿ ನೋಡಿದರೆ ಮೈಸೂರಿನ ಮೇಲೆ ಬೂದು ಪದರವೊಂದು ಹಾಸಿಕೊಂಡಿರುತ್ತದೆ. ಅದು ಊರಿನದೇ ಹೊಗೆಯೋ, ಬಂಗಾಳ ಕೊಲ್ಲಿಯ ಕಡೆಯಿಂದ ತೇಲಿ ಬಂದದ್ದೋ? ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ. ಯಾವುದರ ಪಾಲು ಹೆಚ್ಚು ಎಂದು ಅಂದಾಜು ಮಾಡುವ ದಾರಿ ಇದೆ.

ಮೊದಲು ಗಡಿಯಾರ ನೋಡಿ. ಚಳಿಗಾಲದ ಬೆಳಗ್ಗೆ ನೆಲದ ಬಳಿಯ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂತಿರುತ್ತದೆ. ವಾಹನದ ಹೊಗೆ, ಕಸ ಸುಟ್ಟ ಹೊಗೆ, ಮಂಡ್ಯದ ಕಡೆ ಕಬ್ಬಿನ ತರಗಿಗೆ ಇಟ್ಟ ಬೆಂಕಿ, ಆಲೆಮನೆಯ ಒಲೆ, ಎಲ್ಲದರ ಹೊಗೆಯೂ ಅದರಡಿ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿದಂತೆ ಮುಚ್ಚಳ ಒಡೆದು ಹೊಗೆ ಮೇಲಕ್ಕೆ ಹರಡಿ ತೆಳುವಾಗುತ್ತದೆ. ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳ ಅಂಕಿ, ಬೆಳಗ್ಗೆ 7ರಿಂದ 9ರವರೆಗೆ ಏರಿ, ಮಧ್ಯಾಹ್ನ 2ರಿಂದ 4ರ ಹೊತ್ತಿಗೆ ಚೆನ್ನಾಗಿ ಇಳಿದರೆ ಹೆಚ್ಚಿನದು ಊರಿನದೇ. ಮಧ್ಯಾಹ್ನವೂ ಇಳಿಯದೆ ಎರಡು ಮೂರು ದಿನ ನಿಂತು, ಬೆಂಗಳೂರು, ಚೆನ್ನೈಗಳಲ್ಲೂ ಒಟ್ಟಿಗೆ ಏರಿದ್ದರೆ ದೂರದ ಗಾಳಿಯನ್ನು ಅನುಮಾನಿಸಬೇಕು. ಮನೆಯಲ್ಲಿಡುವ ಅಗ್ಗದ ಸೆನ್ಸರ್ ಅಂಕಿಯನ್ನು ಬೆಳಗ್ಗೆ ನಂಬಬೇಡಿ. ತೇವಾಂಶ ಶೇ. 80 ದಾಟಿದರೆ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ಯಂತ್ರ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ನಾಲೆ ಬಯಲಿನ ಮಂಜಿನಲ್ಲಿ ಇದು ಇನ್ನೂ ಜಾಸ್ತಿ.

ಆಮೇಲೆ ಗಾಳಿಯ ಜಾಡನ್ನು ಹಿಂದಕ್ಕೆ ಹಿಡಿಯಬೇಕು. ಅಮೆರಿಕದ ಎನ್‌ಒಎಎ ಹವಾಮಾನ ಸಂಸ್ಥೆಯ ಹೈಸ್ಪ್ಲಿಟ್ ಎಂಬ ಕಂಪ್ಯೂಟರ್ ಮಾದರಿ ಜಾಲತಾಣದಲ್ಲೇ ಉಚಿತವಾಗಿ ಓಡುತ್ತದೆ, ಗಾಳಿ ಬಂದ ದಾರಿಯನ್ನು ನಕ್ಷೆಯ ಮೇಲೆ ಗೆರೆಯಾಗಿ ಎಳೆಯುತ್ತದೆ. ಮೈಸೂರಿಗೆ 12.30 ಉತ್ತರ, 76.65 ಪೂರ್ವ ಎಂದು ಕೊಡಿ. ದಿಕ್ಕು ಹಿಮ್ಮುಖ, ಅವಧಿ 120 ಗಂಟೆ, ಎತ್ತರ ನೆಲದಿಂದ 500, 1000, 1500 ಮೀಟರ್. ಸಮಯವನ್ನು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ ಕೇಳುತ್ತದೆ. ನಮ್ಮ ಮಧ್ಯಾಹ್ನ 2.30 ಎಂದರೆ ಅಲ್ಲಿ 09. ಐದೂವರೆ ಗಂಟೆ ಕಳೆಯಲು ಮರೆತು ಬೇರೆ ಹೊತ್ತಿನ ಗಾಳಿಯ ಹಿಂದೆ ಹೋಗುವುದು ತೀರಾ ಸಾಮಾನ್ಯ ತಪ್ಪು.

ಒಂದೇ ಗೆರೆ ನೋಡಿ ತೀರ್ಪು ಕೊಡಬಾರದು. ಗಾಳಿ ಸಾಗಿದ ದೂರದ ಶೇ. 15ರಿಂದ 30ರಷ್ಟು ತಪ್ಪು ಸಹಜ, ಅಂದರೆ 2000 ಕಿ.ಮೀ. ಹಿಂದಕ್ಕೆ ಹೋದರೆ 300ರಿಂದ 600 ಕಿ.ಮೀ. ಆಚೀಚೆ. ಅದಕ್ಕೇ 27 ಗೆರೆಗಳನ್ನು ಒಟ್ಟಿಗೆ ಎಳೆಯುವ ಆಯ್ಕೆ ಇದೆ. ಅವೆಲ್ಲ ಒಂದೇ ಕಡೆ ಹೋದರೆ ಧೈರ್ಯವಾಗಿ ಹೇಳಬಹುದು, ಬೀಸಣಿಗೆಯಂತೆ ಬಿಚ್ಚಿಕೊಂಡರೆ ಸುಮ್ಮನಿರುವುದೇ ಸರಿ. ಒಂದು ಡಿಗ್ರಿಯ ಹವಾಮಾನ ದತ್ತಾಂಶ ಆರಿಸಿಕೊಂಡರೆ ಒಂದೊಂದು ಚೌಕವೂ ಸುಮಾರು 110 ಕಿ.ಮೀ. ಅಗಲ, ಅದರಲ್ಲಿ ಪಶ್ಚಿಮ ಘಟ್ಟ ನೆಟ್ಟಗೆ ಕಾಣುವುದೇ ಇಲ್ಲ. ಕಾಲು ಡಿಗ್ರಿಯದ್ದು ವಾಸಿ. ಇನ್ನೊಂದು, ಗೆರೆ ತೋರಿಸುವುದು ಗಾಳಿಯ ದಾರಿಯನ್ನು, ಹೊಗೆಯ ದಾರಿಯನ್ನಲ್ಲ. ದಾರಿಯಲ್ಲಿ ಮಳೆ ಸುರಿದಿದ್ದರೆ ಕಣಗಳು ತೊಳೆದುಹೋಗಿರುತ್ತವೆ. ಆದ್ದರಿಂದ ಮಳೆಯ ಅಂಕಿಯನ್ನೂ ಜೊತೆಗೆ ತೆಗೆಯಿರಿ.

ಈ ಗೆರೆ ಎಳೆಯಲು ಬೇಕಾದ ಗಾಳಿಯ ನಕ್ಷೆ ಒಂದು ದೇಶದ ಸ್ವತ್ತಲ್ಲ. ದೇಶದೇಶಗಳ ಬಲೂನು, ಹಡಗು, ಉಪಗ್ರಹಗಳ ಅಳತೆಗಳು ವಿಶ್ವ ಹವಾಮಾನ ಸಂಸ್ಥೆಯ ಏರ್ಪಾಟಿನಲ್ಲಿ ಹಂಚಿಕೆಯಾಗದಿದ್ದರೆ ನಕ್ಷೆಯೇ ಇಲ್ಲ. ನಮ್ಮ ಚಳಿಗಾಲದ ಈಶಾನ್ಯ ಗಾಳಿ ಏನನ್ನು ಹೊತ್ತೊಯ್ಯುತ್ತದೆ ಎಂಬುದು ದೊಡ್ಡದಾಗಿ ತಿಳಿದದ್ದೂ 1999ರಲ್ಲಿ, ವಾತಾವರಣ ವಿಜ್ಞಾನಿಗಳಾದ ವಿ. ರಾಮನಾಥನ್, ಪೌಲ್ ಕ್ರುಟ್ಜನ್ ಮುಂದಾಳತ್ವದ ಇಂಡೋಎಕ್ಸ್ (ಹಿಂದೂ ಮಹಾಸಾಗರ ಪ್ರಯೋಗ) ಎಂಬ ಪ್ರಯೋಗದಲ್ಲಿ. ಹಲವು ದೇಶಗಳ ವಿಜ್ಞಾನಿಗಳು ಮಾಲ್ಡೀವ್ಸ್‌ನಲ್ಲಿ ನೆಲೆಯೂರಿ, ಹಿಂದೂ ಮಹಾಸಾಗರದ ಮೇಲೆ ಸುಮಾರು 3 ಕಿ.ಮೀ. ಎತ್ತರದವರೆಗೆ ಹರಡಿದ ಕಂದು ಮಬ್ಬನ್ನು ಅಳೆದರು.

ಯುರೋಪಿನವರು, ಗಡಿ ದಾಟುವ ವಾಯುಮಾಲಿನ್ಯದ ಬಗೆಗಿನ 1979ರ ಜಿನೀವಾ ಒಪ್ಪಂದದಡಿ, ಯಾವ ದೇಶದ ಹೊಗೆ ಯಾವ ದೇಶದಲ್ಲಿ ಎಷ್ಟು ಬೀಳುತ್ತದೆ ಎಂಬ ಕೋಷ್ಟಕವನ್ನು ವರ್ಷವರ್ಷವೂ ಮಾಡುತ್ತಾರೆ. ಖಂಡಗಳ ನಡುವಿನ ಲೆಕ್ಕಕ್ಕೆ ಅದೇ ಒಪ್ಪಂದದ ಎಚ್‌ಟಿಎಪಿ (ಖಂಡಾಂತರ ವಾಯುಮಾಲಿನ್ಯ) ತಂಡ ಇದೆ. ಉತ್ತರ ಅಮೆರಿಕ, ಯುರೋಪ್, ಪೂರ್ವ ಏಷ್ಯಾ, ದಕ್ಷಿಣ ಏಷ್ಯಾ, ಒಂದೊಂದರ ಹೊಗೆಯನ್ನೂ ಮಾದರಿಯಲ್ಲಿ ಶೇ. 20 ಇಳಿಸಿ, ಉಳಿದ ಕಡೆ ಏನಾಯಿತೆಂದು ಹತ್ತಾರು ಮಾದರಿಗಳಲ್ಲಿ ನೋಡಿದರು. ಶೇ. 20 ಏಕೆಂದರೆ ಅದಕ್ಕಿಂತ ಕಡಿಮೆಯಾದರೆ ಬದಲಾವಣೆ ಗೋಚರಿಸುವುದು ಕಷ್ಟ, ತೀರಾ ಹೆಚ್ಚಾದರೆ ಓಝೋನಿನ ರಸಾಯನವೇ ಬೇರೆ ದಾರಿ ಹಿಡಿಯುತ್ತದೆ. ಬಂದ ಉತ್ತರವನ್ನು ಐದರಿಂದ ಗುಣಿಸಿ ಒಟ್ಟು ಪಾಲು ಎನ್ನುವುದು ಅದಕ್ಕೇ ತಪ್ಪು.

ದಕ್ಷಿಣ ಏಷ್ಯಾದಲ್ಲಿ, ಗಡಿ ದಾಟುವ ವಾಯುಮಾಲಿನ್ಯವನ್ನು ಒಟ್ಟಾಗಿ ತಡೆಯಲು ದೇಶಗಳು ಮಾಡಿಕೊಂಡ 1998ರ ಮಾಲೆ ಘೋಷಣೆ ಇದೆ. ಅದರ ಬೆಲೆ ಏನೆಂದು, ಗಾಳಿಯ ಕಣ ಹಿಡಿಯುವ ಸೋಸುಕಾಗದ ಬಳಸುವವರಿಗೆ ಗೊತ್ತು. ನಿಮಿಷಕ್ಕೆ 16.7 ಲೀಟರ್‌ನಂತೆ 24 ಗಂಟೆ ಗಾಳಿ ಎಳೆದರೆ ಸುಮಾರು 24 ಘನ ಮೀಟರ್ ಗಾಳಿಯ ಕಣ ಆ ಕಾಗದದಲ್ಲಿ ಕೂರುತ್ತದೆ. ಅದರಲ್ಲಿ ಪೊಟ್ಯಾಸಿಯಂ, ಸಸ್ಯದ ನಾರು ಸುಟ್ಟಾಗ ಹುಟ್ಟುವ ಲೆವೊಗ್ಲುಕೋಸಾನ್ ಎರಡೂ ಹೆಚ್ಚಿದ್ದರೆ ಕಟ್ಟಿಗೆಯನ್ನೋ ಸೊಪ್ಪುಸದೆಯನ್ನೋ ಸುಟ್ಟಿದ್ದು ಬಹುತೇಕ ಖಚಿತ. ಆದರೆ ಸುಟ್ಟದ್ದು ಮದ್ದೂರಿನ ತರಗೋ, ಗಂಗಾ ಬಯಲಿನ ಭತ್ತದ ಹುಲ್ಲೋ ಎಂದು ಆ ಕಾಗದವೊಂದೇ ಹೇಳಲಾರದು. ಅದಕ್ಕೆ ಹಿಂದಿನ ಮೂರು ನಾಲ್ಕು ದಿನ ಪಟ್ನಾದಲ್ಲಿ, ಢಾಕಾದಲ್ಲಿ ಹಿಡಿದ ಕಾಗದಗಳೂ, ಒಂದೇ ವಿಧಾನದಲ್ಲಿ ಅಳೆದ ಅಂಕಿಗಳೂ ಮೇಜಿನ ಮೇಲೆ ಇರಬೇಕು.