ಗಣಿ ಮುಚ್ಚಿದೆ, ಪಂಪು ನಿಂತಿಲ್ಲ

ಜರ್ಮನಿ ನೋಡಲು ಬರುವ ನಮ್ಮ ನೆಂಟರಿಗೆಲ್ಲ ಮ್ಯೂನಿಕ್ ಬೇಕು, ಆಲ್ಪ್ಸ್ ಬೇಕು, ಬೆಟ್ಟದ ಮೇಲಿನ ಅರಮನೆ ಬೇಕು. ನಾವಿರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾಕ್ಕೆ ಉಳಿಯುವುದು ಕಲೋನ್ ಚರ್ಚಿನ ಮುಂದೊಂದು ಫೋಟೊ ಮಾತ್ರ. ಸುಮಾರು 1 ಕೋಟಿ 80 ಲಕ್ಷ ಜನ ಇಲ್ಲಿದ್ದಾರೆ, ದೇಶದ ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಆದರೆ ಹಳೆಯ ರಾಜಮನೆತನದ ಜಂಭ ಇದಕ್ಕಿಲ್ಲ. 1946ರಲ್ಲಿ ಬ್ರಿಟಿಷರು ರೈನ್ ಪ್ರಾಂತ್ಯದ ಉತ್ತರ ಭಾಗಕ್ಕೂ ವೆಸ್ಟ್‌ಫಾಲಿಯಾಕ್ಕೂ ಗಂಟು ಹಾಕಿದರು. ಆ ಕೆಲಸಕ್ಕೆ ಅವರಿಟ್ಟ ಹೆಸರೇ ‘ಆಪರೇಷನ್ ಮ್ಯಾರೇಜ್’. ಸಂಸಾರ ನಡೆದಿದೆ, ಪರಸ್ಪರ ಗೇಲಿಯೂ ನಡೆದಿದೆ. ರೈನ್ ದಡದವರಿಗೆ ವೆಸ್ಟ್‌ಫಾಲಿಯಾದವರು ಬಾಯಿ ಬಿಡದ ಮೊದ್ದುಗಳು, ಅವರಿಗೆ ಇವರು ಬಾಯಿಬಡುಕರು.

ಕಳೆದ ಬೇಸಿಗೆಯಲ್ಲಿ ಸೋದರಮಾವ ಬಂದಾಗ ಮಾತ್ರ ನಾನು ಅರಮನೆಯ ಸುದ್ದಿ ಎತ್ತಲಿಲ್ಲ. ಕೆಜಿಎಫ್ ಗಣಿಯಲ್ಲಿ ದುಡಿದ ಮನುಷ್ಯ. ಎಸ್ಸೆನ್ ಸ್ಟೇಷನ್ನಿನಿಂದ 107ನೇ ನಂಬರಿನ ಟ್ರಾಮ್ ಹತ್ತಿಸಿ ನೇರ ತ್ಸೋಲ್‌ಫರೈನ್ ಕಲ್ಲಿದ್ದಲು ಗಣಿಗೆ ಕರೆದುಕೊಂಡು ಹೋದೆ.

ಅಲ್ಲಿನ 12ನೇ ಶಾಫ್ಟ್, ಅಂದರೆ ನೆಲದಡಿಗೆ ಇಳಿಯುವ ಬಾವಿ, ಶುರುವಾದದ್ದು 1932ರಲ್ಲಿ. ಅದರ ಮೇಲಿನ ಕಟ್ಟಡಗಳು ಶುಪ್ ಮತ್ತು ಕ್ರೆಮರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ಕೆಂಪು ಇಟ್ಟಿಗೆ, ಉಕ್ಕು, ಗಾಜು ಸೇರಿಸಿ ಕಟ್ಟಿದ್ದು. ದಿನಕ್ಕೆ 12,000 ಟನ್ ಕಲ್ಲಿದ್ದಲು ಎತ್ತುತ್ತಿದ್ದ ಜಾಗ ಎಷ್ಟು ಅಚ್ಚುಕಟ್ಟಾಗಿದೆ ಎಂದರೆ, ಇಲ್ಲಿಯವರು ಜಗತ್ತಿನ ಅತ್ಯಂತ ಸುಂದರ ಗಣಿ ಎಂದು ಕೊಚ್ಚಿಕೊಳ್ಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮಾವ ಸೌಂದರ್ಯದ ಗೊಡವೆಗೆ ಹೋಗಲಿಲ್ಲ. ಕತ್ತೆತ್ತಿ ಹೆಡ್‌ಗೇರ್, ಅಂದರೆ ಶಾಫ್ಟಿನ ಮೇಲಿನ ಚಕ್ರಗಳ ಗೋಪುರ, ನೋಡಿ, “ಚಕ್ರ ದೊಡ್ಡವೇ” ಅಂದರು. ಗಣಿ ನಿಂತದ್ದು 1986ರಲ್ಲಿ, ಯುನೆಸ್ಕೊ ಪಟ್ಟಿಗೆ ಸೇರಿದ್ದು 2001ರಲ್ಲಿ ಎಂದು ಓದಿ ಹೇಳಿದೆ. “ಪಟ್ಟಿಗೆ ಸೇರಿದ್ದು ನಮ್ಮದು ಮುಚ್ಚಿದ ವರ್ಷವೇ” ಎಂದಷ್ಟೇ ಹೇಳಿ ಮುಂದೆ ನಡೆದರು.

ಗೈಡ್ ನಿವೃತ್ತ ಗಣಿಗಾರ. ಅವರಪ್ಪ ಟರ್ಕಿಯಿಂದ ಬಂದವರು. 1961ರಲ್ಲಿ ಎರಡೂ ದೇಶಗಳ ನಡುವೆ ಕಾರ್ಮಿಕರ ಒಪ್ಪಂದವಾದ ಮೇಲೆ ಬಂದ ಸಾವಿರಾರು ಜನರಲ್ಲೊಬ್ಬರು. ಅದಕ್ಕೂ ಮುಂಚೆ ಪೋಲಿಷ್ ಮಾತಾಡುವವರು ಬಂದು ತುಂಬಿಕೊಂಡಿದ್ದರಂತೆ. ಮಾವನಿಗೆ ಇದು ಚೆನ್ನಾಗಿ ಅರ್ಥವಾಗುವ ವಿಷಯ. ಅವರು ತಮಿಳು ಕಲಿತದ್ದೇ ನೆಲದಡಿಯಲ್ಲಿ. ನಾನು ನಡುವೆ ನಿಂತು ಅತ್ತಿಂದಿತ್ತ ಅನುವಾದ ಮಾಡುತ್ತಿದ್ದೆ. ಇಲ್ಲಿ ಸುಮಾರು 1000 ಮೀಟರ್ ಇಳಿದಿದ್ದೇವೆ ಎಂದು ಗೈಡ್ ಹೆಮ್ಮೆಯಿಂದ ಹೇಳಿದರು. ಮಾವ ಸುಮ್ಮನೆ ಮೂರು ಬೆರಳು ಎತ್ತಿ, “ಕಿಲೋಮೀಟರ್” ಅಂದರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಅದಕ್ಕಿಂತಲೂ ತುಸು ಹೆಚ್ಚೇ ಆಳ. ಅಲ್ಲಿಂದ ಮುಂದೆ ಗೈಡ್ ಉಳಿದ ಪ್ರವಾಸಿಗರನ್ನು ಮರೆತೇಬಿಟ್ಟರು. ಶಾಖ, ಬಂಡೆ ಸಿಡಿತ, ಜನರನ್ನು ಇಳಿಸುವ ಪಂಜರದ ವೇಗ, ಒಂದೊಂದನ್ನೂ ಬಿಡದೆ ಕೇಳಿದರು.

ಆಮೇಲೆ ಮಾವ ನೀರಿನ ಮಾತೆತ್ತಿದರು. ಕೆಜಿಎಫ್‌ನಲ್ಲಿ ಪಂಪು ನಿಲ್ಲಿಸಿದ ಮೇಲೆ ಶಾಫ್ಟುಗಳಲ್ಲಿ ನೀರು ತುಂಬಿಕೊಂಡಿತು, ಇಲ್ಲಿ ಹೇಗೆ?

ಇಲ್ಲಿ ಪಂಪು ನಿಲ್ಲಿಸುವ ಹಾಗೇ ಇಲ್ಲ. ಕಲ್ಲಿದ್ದಲು ತೆಗೆದ ಕಡೆ ಮೇಲಿನ ಬಂಡೆ ಕುಸಿಯುತ್ತದೆ, ಅದರ ಜೊತೆ ಊರೂ ಇಳಿಯುತ್ತದೆ. ಎಸ್ಸೆನ್ ಸುತ್ತಲಿನ ಈ ಗಣಿನಾಡಿನ, ಅಂದರೆ ರೂರ್ ಸೀಮೆಯ, ಕೆಲವೆಡೆ ನೆಲ 20 ಮೀಟರ್‌ಗೂ ಹೆಚ್ಚು ತಗ್ಗಿದೆ. ಹಾಗಾಗಿ ಹಳ್ಳಕೊಳ್ಳಗಳ ನೀರು ತಾನಾಗಿ ಹರಿದು ಹೋಗುವುದಿಲ್ಲ, ಎತ್ತಿ ಸಾಗಿಸಬೇಕು. ಆಳದ ಗಣಿಯೊಳಗಿನ ಉಪ್ಪು ನೀರು ಮೇಲೇರಿ ಕುಡಿಯುವ ನೀರಿಗೆ ಬೆರೆಯದಂತೆ ಅದನ್ನೂ ಎತ್ತುತ್ತಲೇ ಇರಬೇಕು. ಇದೇ ಸೀಮೆಯ ಎಮ್‌ಶರ್ ನದಿಯ ಕತೆಯೂ ಇದೇ ಜಾಡಿನದು. ನೆಲ ಇಳಿದರೆ ಒಳಚರಂಡಿ ಪೈಪು ಒಡೆಯುತ್ತದೆಂದು ನೂರು ವರ್ಷಕ್ಕೂ ಹೆಚ್ಚು ಕಾಲ ನದಿಯನ್ನೇ ತೆರೆದ ಚರಂಡಿ ಮಾಡಿದ್ದರು. ಗಣಿಗಳು ಉತ್ತರಕ್ಕೆ ಸರಿದ ಮೇಲೆ, 1992ರಿಂದ ಕೆಲಸ ಹಿಡಿದು, 51 ಕಿಲೋಮೀಟರ್ ಉದ್ದದ ಕೊಳವೆಮಾರ್ಗ ಹೂತು, 2021ರ ಕೊನೆಗೆ ನದಿಗೆ ಕೊಳಚೆ ಬೀಳುವುದನ್ನು ತಪ್ಪಿಸಿದರು. ಈ ರಾಜ್ಯದ ನೆಲದಡಿಯ ಕೊನೆಯ ಕಲ್ಲಿದ್ದಲು ಗಣಿ, ಬೊಟ್ರಾಪ್‌ನದು, ಮುಚ್ಚಿದ್ದು 2018ರಲ್ಲಿ. ಪಂಪುಗಳಿಗೆ ಮಾತ್ರ ನಿವೃತ್ತಿಯ ತಾರೀಖಿಲ್ಲ.

“ಕರೆಂಟ್ ಬಿಲ್ ಯಾರು ಕಟ್ತಾರೆ, ಕೇಳೋ” ಅಂದರು ಮಾವ.

ಅದಕ್ಕೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಮಾಡಿದ್ದಾರೆ, ಎವೋನಿಕ್ ಎಂಬ ರಾಸಾಯನಿಕ ಕಂಪನಿಯ ದೊಡ್ಡ ಪಾಲು ಅದರ ಕೈಯಲ್ಲಿದೆ, ಹೂಡಿಕೆಯಿಂದ ಬಂದ ದುಡ್ಡಿನಲ್ಲಿ ಪಂಪು ಓಡುತ್ತದೆ ಎಂದು ಗೈಡ್ ವಿವರಿಸಿದರು.

“ಷೇರು ಬಿದ್ದೋದ್ರೆ?”

ಅನುವಾದ ಮಾಡಿದೆ. ಗೈಡ್ ನಕ್ಕರು. ಆ ದುಡ್ಡು ಸಾಲದೆ ಹೋದರೆ ರಾಜ್ಯವೂ ಕೇಂದ್ರವೂ ಕೊಡಬೇಕೆಂದು ಅದೇ ವರ್ಷ ಕರಾರಾಗಿದೆಯಂತೆ.

ಮಾವ ನನ್ನ ಕಡೆ ತಿರುಗಿದರು. “ಅಂದ್ರೆ ನಿನ್ನ ಸಂಬಳದಲ್ಲಿ ಹಿಡಿಯೋದು. ಎಷ್ಟು ಹಿಡೀತಾರೆ ಅಂದೆ?”