ಸುರಕ್ಷತಾ ಸಲಹಾ ಸಮಿತಿಯಲ್ಲಿ ಯಾರು ಕೂರಬೇಕು?

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಮಂಗಳೂರಿನ ಬಜ್ಪೆ ನಿಲ್ದಾಣದ ರನ್‌ವೇ ದಾಟಿ ಕೆಂಜಾರು ಕಡೆಯ ಕಮರಿಗೆ ಉರುಳಿದ್ದು, ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡದ್ದು ಕರಾವಳಿಯವರಾದ ನಮಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಆ ದುರಂತದ ಬೆನ್ನಿಗೇ ಕೇಂದ್ರ ಸರ್ಕಾರ ರಚಿಸಿದ ನಾಗರಿಕ ವಿಮಾನಯಾನ ಸುರಕ್ಷತಾ ಸಲಹಾ ಸಮಿತಿಯ ಕಥೆ ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ. ಸಲಹಾ ಸಮಿತಿ ಎಂಬುದು ಏನು ಮಾಡಬಲ್ಲದು, ಏನು ಮಾಡಲಾರದು, ಅದರಲ್ಲಿ ಯಾರಿರಬೇಕು ಎಂಬ ಪ್ರಶ್ನೆಗಳಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಸಮಿತಿಯ ಕೆಲಸ ಹೆಸರಿನಲ್ಲೇ ಇತ್ತು. ವಿಮಾನ ಸುರಕ್ಷತೆಯ ಲೋಪಗಳನ್ನು ಗುರುತಿಸಿ ಸರ್ಕಾರಕ್ಕೆ ಸಲಹೆ ಕೊಡುವುದು ಅದರ ಹೊಣೆಯಾಗಿತ್ತೇ ಹೊರತು ಒಂದು ವಿಮಾನವನ್ನು ನಿಲ್ಲಿಸುವ, ಒಂದು ರನ್‌ವೇಯನ್ನು ಮುಚ್ಚಿಸುವ ಅಥವಾ ಯಾರಿಗಾದರೂ ದಂಡ ಹಾಕುವ ಅಧಿಕಾರ ಅದಕ್ಕೆ ಇರಲಿಲ್ಲ. ಮಂಗಳೂರಿನ ಅಪಘಾತಕ್ಕೆ ಕಾರಣವೇನೆಂಬ ತನಿಖೆ ಬೇರೆಯೇ ಆಗಿದ್ದು, ಅದನ್ನು ವಾಯುಪಡೆಯ ನಿವೃತ್ತ ಉಪ ಮುಖ್ಯಸ್ಥ ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣಾ ಮಂಡಳಿ ನಡೆಸಿತು. ಸಹ ಪೈಲಟ್ ಮೂರು ಬಾರಿ ‘ಗೋ ಅರೌಂಡ್’ ಎಂದು ಎಚ್ಚರಿಸಿದರೂ ಕ್ಯಾಪ್ಟನ್ ಇಳಿಯುವ ಯತ್ನವನ್ನು ಕೈಬಿಡಲಿಲ್ಲ ಎಂಬುದನ್ನೂ, ರನ್‌ವೇಯ ಆಚೆ ಕಾಂಕ್ರೀಟ್ ಕಟ್ಟೆಯ ಮೇಲೆ ನಿಲ್ಲಿಸಿದ್ದ ಆಂಟೆನಾದ ನೆಲೆಗೆ ವಿಮಾನದ ರೆಕ್ಕೆ ಬಡಿಯಿತು ಎಂಬುದನ್ನೂ ಆ ಮಂಡಳಿ ದಾಖಲಿಸಿತು. ಆಗಿಹೋದದ್ದನ್ನು ಹೇಳುವುದು ತನಿಖಾ ಮಂಡಳಿಯ ಪಾಲು. ಇನ್ನೆಲ್ಲಿ ಆಗಬಹುದು ಎಂದು ಹೇಳುವುದು ಸಲಹಾ ಸಮಿತಿಯ ಪಾಲು.

ಈ ಎರಡನೆಯ ಕೆಲಸವನ್ನು ಒಬ್ಬ ಸದಸ್ಯರಂತೂ ಮಾಡಿದರು. ಅನುಭವಿ ಪೈಲಟ್ ಆಗಿದ್ದ ಕ್ಯಾಪ್ಟನ್ ಮೋಹನ್ ರಂಗನಾಥನ್ 2011ರ ಜೂನ್‌ನಲ್ಲಿ ಸಮಿತಿಯ ಅಧ್ಯಕ್ಷರಿಗೆ ಪತ್ರ ಬರೆದು, ಮಂಗಳೂರಿನಂತೆಯೇ ಗುಡ್ಡದ ನೆತ್ತಿಯ ಮೇಲಿರುವ ಕೋಯಿಕ್ಕೋಡ್‌ನ ಟೇಬಲ್‌ಟಾಪ್ ರನ್‌ವೇಯ ವಿಷಯವನ್ನು ಎತ್ತಿದರು. ಮಳೆಯಲ್ಲಿ, ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿರುವಾಗ 10ನೇ ರನ್‌ವೇಯಲ್ಲಿ, ಅಂದರೆ ಪೂರ್ವ ದಿಕ್ಕಿಗೆ ಮುಖ ಮಾಡಿ ಇಳಿಯುವ ವಿಮಾನಗಳು ಒಳಗಿರುವವರ ಪ್ರಾಣವನ್ನು ಅಪಾಯಕ್ಕೆ ಒಡ್ಡುತ್ತಿವೆ ಎಂಬುದು ಅವರ ಎಚ್ಚರಿಕೆಯಾಗಿತ್ತು. ರನ್‌ವೇಯ ತುದಿಯಲ್ಲಿ, ಹತೋಟಿ ತಪ್ಪಿ ಮುನ್ನುಗ್ಗಿದ ವಿಮಾನವನ್ನು ತಡೆದುಕೊಳ್ಳಲೆಂದು ಬಿಡುವ ಸುರಕ್ಷತಾ ಪ್ರದೇಶ ಸಾಲದು ಎಂದೂ ಅವರು ಹೇಳಿದ್ದರು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಆ ಜಾಗ 90 ಮೀಟರ್ ಇರುವುದು ಕಡ್ಡಾಯ, 240 ಮೀಟರ್ ಇರುವುದು ಶಿಫಾರಸು. ಕಡ್ಡಾಯವಾದಷ್ಟನ್ನು ಮಾಡಿ ಶಿಫಾರಸನ್ನು ಕಡತದಲ್ಲಿ ಬಿಡುವುದು ನಮ್ಮ ಆಡಳಿತಕ್ಕೆ ಹೊಸದೇನೂ ಅಲ್ಲ ಬಿಡಿ.

2020ರ ಆಗಸ್ಟ್ 7ರ ರಾತ್ರಿ ಅದೇ ಕೋಯಿಕ್ಕೋಡ್‌ನಲ್ಲಿ, ಮಳೆಯಲ್ಲಿ, ಹಿಂಗಾಳಿಯ ನಡುವೆ, ಅದೇ 10ನೇ ರನ್‌ವೇಯಲ್ಲಿ ಇಳಿದ ದುಬೈ ವಿಮಾನ ತುದಿ ದಾಟಿ ಕೆಳಗೆ ಬಿದ್ದು ಇಬ್ಬರೂ ಪೈಲಟ್‌ಗಳು ಸೇರಿ 21 ಮಂದಿ ಸತ್ತರು. ಪತ್ರಿಕೆಗಳು ಒಂಬತ್ತು ವರ್ಷ ಹಳೆಯ ಪತ್ರವನ್ನು ಹುಡುಕಿ ತೆಗೆದವು. ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಅಷ್ಟರಲ್ಲಿ ತುದಿಯ ಸುರಕ್ಷತಾ ಪ್ರದೇಶವನ್ನು ವಿಸ್ತರಿಸಲಾಗಿತ್ತು ಎಂದು ಸರ್ಕಾರ ವಾದಿಸಿತು. ನಿಗದಿತ ವಿಧಾನವನ್ನು ಪೈಲಟ್ ಪಾಲಿಸದೆ, ಸುಮಾರು 2,700 ಮೀಟರ್ ಉದ್ದದ ರನ್‌ವೇಯಲ್ಲಿ ಅರ್ಧದಷ್ಟು ದೂರ ಕಳೆದ ಮೇಲೆ ನೆಲ ಮುಟ್ಟಿದ್ದೇ ಅಪಘಾತಕ್ಕೆ ಸಂಭಾವ್ಯ ಕಾರಣವೆಂದು 2021ರ ತನಿಖಾ ವರದಿಯೂ ಹೇಳಿತು. ಆದ್ದರಿಂದ ಪತ್ರದ ಮಾತು ಕೇಳಿದ್ದರೆ ಇಷ್ಟೂ ಜೀವ ಉಳಿಯುತ್ತಿತ್ತು ಎಂದು ನಾನು ಖಂಡಿತವಾಗಿ ಹೇಳಲಾರೆ. ನನ್ನ ತಕರಾರು ಬೇರೆ. ಸಲಹೆಯ ಯಾವ ಅಂಶವನ್ನು ಒಪ್ಪಲಾಯಿತು, ಯಾವುದನ್ನು ಯಾವ ಕಾರಣಕ್ಕೆ ಬಿಡಲಾಯಿತು, ಮಳೆಗಾಲದ ಹಿಂಗಾಳಿಯ ಬಗ್ಗೆ ಯಾವ ತೀರ್ಮಾನಕ್ಕೆ ಬರಲಾಯಿತು ಎಂಬುದಕ್ಕೆ ಜನ ಓದಬಹುದಾದ ಲಿಖಿತ ಉತ್ತರವೊಂದು ಆ ಒಂಬತ್ತು ವರ್ಷಗಳಲ್ಲಿ ಎದುರಿಗಿದ್ದಿದ್ದರೆ, ಅಪಘಾತದ ಮರುದಿನ ವಾದ ಪ್ರತಿವಾದ ಆರಂಭಿಸುವ ಅಗತ್ಯ ಬೀಳುತ್ತಿರಲಿಲ್ಲ.

ಸದಸ್ಯತ್ವದ ಪ್ರಶ್ನೆ ಬರುವುದು ಇಲ್ಲಿಯೇ. ಆ ಸಮಿತಿಯ ಅಧ್ಯಕ್ಷಪೀಠದಲ್ಲಿ ಇದ್ದವರು ವಿಮಾನಯಾನ ಆಡಳಿತದ ಉನ್ನತ ಅಧಿಕಾರಿಯೇ. ಸಲಹೆ ಸ್ವೀಕರಿಸಬೇಕಾದ ಕುರ್ಚಿಯಲ್ಲಿ ಇರುವವರೇ ಸಲಹೆ ಕೊಡುವ ಸಭೆಯ ಕಾರ್ಯಸೂಚಿಯನ್ನೂ ಗೊತ್ತುಪಡಿಸಿದರೆ, ಸದಸ್ಯರೊಬ್ಬರ ಎಚ್ಚರಿಕೆ ಸಮಿತಿಯ ಎಚ್ಚರಿಕೆಯಾಗಿ ಮಾರ್ಪಡುವುದು ಕಷ್ಟ. ಅದು ಅಧ್ಯಕ್ಷರ ಮೇಜಿಗೆ ಬಂದ ಇನ್ನೊಂದು ಪತ್ರವಾಗಿ ಉಳಿಯುತ್ತದೆ. ಅಧಿಕಾರಿಗಳು ಸಮಿತಿಯಲ್ಲಿ ಇರಲೇಬಾರದು ಎಂದು ನಾನು ಹೇಳುತ್ತಿಲ್ಲ. ಹಣ, ಜಮೀನು, ಟೆಂಡರು ಇವುಗಳ ವಾಸ್ತವ ಗೊತ್ತಿರುವುದು ಅವರಿಗೇ. ಅವರು ಪದನಿಮಿತ್ತ ಸದಸ್ಯರಾಗಿ ಇರಲಿ, ಮಾಹಿತಿ ಒದಗಿಸಲಿ. ಅಧ್ಯಕ್ಷತೆ ಮತ್ತು ಬಹುಮತ ಮಾತ್ರ ಇಲಾಖೆಯ ಹೊರಗಿನವರದ್ದಾಗಿರಲಿ.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯನ್ನು ಈ ದೃಷ್ಟಿಯಿಂದ ನೋಡಬೇಕು. 1967ರಲ್ಲಿ ಆರಂಭವಾದ ಆ ಮಂಡಳಿ ಮೊದಲು ಅಲ್ಲಿನ ಸಾರಿಗೆ ಇಲಾಖೆಗೆ ಹೊಂದಿಕೊಂಡಿತ್ತು. ತನ್ನನ್ನು ಸಾಕುವ ಇಲಾಖೆಯ ತಪ್ಪನ್ನೇ ಎತ್ತಿ ತೋರಿಸುವುದು ಕಷ್ಟವೆಂದು ಅರಿತ ಅಲ್ಲಿನ ಸಂಸತ್ತು 1974ರ ಕಾಯ್ದೆಯಿಂದ ಅದನ್ನು ಪೂರ್ತಿ ಬೇರ್ಪಡಿಸಿತು. ಐದು ಸದಸ್ಯರು, ಐದು ವರ್ಷದ ಅವಧಿ. ದೇಶದ ಅಧ್ಯಕ್ಷರು ನೇಮಿಸಿದವರಿಗೆ ಸೆನೆಟ್‌ನ ಒಪ್ಪಿಗೆ ಬೇಕು. ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚು ಇರಕೂಡದು. ಕನಿಷ್ಠ ಮೂವರು ವಿಷಯ ಪರಿಣತಿಯ ಆಧಾರದ ಮೇಲೆಯೇ ಬಂದಿರಬೇಕು. ಇಷ್ಟೆಲ್ಲ ಇದ್ದೂ ಈ ಮಂಡಳಿಗೆ ಆಜ್ಞೆ ಮಾಡುವ ಅಧಿಕಾರ ಇಲ್ಲ. ಅದು ಕೊಡುವುದು ಶಿಫಾರಸು ಮಾತ್ರ. ಆದರೆ ಶಿಫಾರಸು ತಲುಪಿದ 90 ದಿನಗಳೊಳಗೆ ಸಾರಿಗೆ ಇಲಾಖೆ ಒಪ್ಪುತ್ತೇವೆ, ಭಾಗಶಃ ಒಪ್ಪುತ್ತೇವೆ ಅಥವಾ ಒಪ್ಪುವುದಿಲ್ಲ ಎಂದು ಕಾರಣ ಸಹಿತ ಬರೆದು ತಿಳಿಸಬೇಕೆಂದು ಕಾನೂನೇ ಹೇಳುತ್ತದೆ. ಆ ಉತ್ತರ ತೃಪ್ತಿಕರವೋ ಅಲ್ಲವೋ ಎಂದು ಮಂಡಳಿ ಷರಾ ಬರೆದು ಸಾರ್ವಜನಿಕರ ಮುಂದೆ ಇಡುತ್ತದೆ.

ನಮ್ಮಲ್ಲೂ ಇಂತಹ ವಿವೇಕ ಇಲ್ಲವೆಂದಲ್ಲ. ರೈಲ್ವೆ ಸುರಕ್ಷತಾ ಆಯೋಗವನ್ನು ರೈಲ್ವೆ ಸಚಿವಾಲಯದ ಕೈಕೆಳಗೆ ಇಡದೆ ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಇಟ್ಟಿರುವುದು ಕೇಳಲು ವಿಚಿತ್ರವಾದರೂ ಉದ್ದೇಶಪೂರ್ವಕ. ರೈಲು ಓಡಿಸುವವರಿಂದ ಅದನ್ನು ಪರೀಕ್ಷಿಸುವವರನ್ನು ಬೇರೆ ಮಾಡುವ ಈ ಏರ್ಪಾಡು 1941ರಷ್ಟು ಹಿಂದಿನದು. ನಮ್ಮ ಮೆಟ್ರೊದ ಹೊಸ ಮಾರ್ಗ ಸಿದ್ಧವಾದಾಗಲೆಲ್ಲ ಸುರಕ್ಷತಾ ಆಯುಕ್ತರ ಒಪ್ಪಿಗೆಗಾಗಿ ಬೆಂಗಳೂರಿಗರು ಕಾಯುತ್ತಾರಲ್ಲ, ಆ ಕಾಯುವಿಕೆಯೇ ಸ್ವತಂತ್ರ ಸಹಿಯೊಂದಕ್ಕೆ ಇರುವ ಬೆಲೆ.

ರಸ್ತೆಯ ವಿಷಯದಲ್ಲಿ ಮಾತ್ರ ಕಥೆ ಬಹಳ ನಿಧಾನ. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತಿದ್ದಾರೆ. ವಿಮಾನ ಅಪಘಾತಗಳ ಲೆಕ್ಕ ಇದರ ಮುಂದೆ ಏನೇನೂ ಅಲ್ಲ. ರಸ್ತೆ ಸುರಕ್ಷತೆಗೆ ರಾಷ್ಟ್ರೀಯ ಮಂಡಳಿಯೊಂದು ಬೇಕೆಂದು ಕೇಂದ್ರ ಸರ್ಕಾರ ನೇಮಿಸಿದ್ದ ಎಸ್. ಸುಂದರ್ ಸಮಿತಿ ಹೇಳಿದ್ದು 2007ರಲ್ಲಿ. 2010ರಲ್ಲಿ ಮಂಡಿಸಿದ ಮಸೂದೆ ಆ ಲೋಕಸಭೆಯ ಅವಧಿಯೊಂದಿಗೆ ಬಿದ್ದುಹೋಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೊಂದು ಕಲಮು ಸೇರಿತು, 2021ರ ಸೆಪ್ಟೆಂಬರ್‌ನಲ್ಲಿ ನಿಯಮಗಳೂ ಬಂದವು. ಆಮೇಲೂ ಮಂಡಳಿ ರಚನೆಯಾಗದೆ, 2025ರಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳ ಗಡುವು ವಿಧಿಸಬೇಕಾಯಿತು.

ನಿಯಮದ ಪ್ರಕಾರ ಅಧ್ಯಕ್ಷರ ಜೊತೆಗೆ ಮೂವರಿಗೆ ಕಡಿಮೆಯಿಲ್ಲದಂತೆ, ಏಳು ಮಂದಿಗೆ ಮೀರದಂತೆ ಸದಸ್ಯರಿರಬೇಕು. ಎಲ್ಲರನ್ನೂ ನೇಮಿಸುವುದು ಕೇಂದ್ರ ಸರ್ಕಾರ. ಗುಡ್ಡಗಾಡು ರಸ್ತೆಗಳ ನಿರ್ಮಾಣದ ಮಾನದಂಡ, ಸಂಚಾರ ಪೊಲೀಸರ ತರಬೇತಿ, ಅಪಘಾತ ಚಿಕಿತ್ಸಾ ಕೇಂದ್ರಗಳು, ಅಪಘಾತಗಳ ಸಂಶೋಧನೆ ಎಲ್ಲವೂ ಅವರ ಹೊಣೆಯಲ್ಲಿ ಸೇರಿವೆ. ಕೆಲಸದ ಪಟ್ಟಿಗೆ ಕೊರತೆಯಿಲ್ಲ. ಆದರೆ ಘಾಟಿಯ ತಿರುವು ಬಲ್ಲ ಎಂಜಿನಿಯರು, ತಲೆಗೆ ಪೆಟ್ಟು ಬಿದ್ದವರನ್ನು ದಿನವೂ ನೋಡುವ ವೈದ್ಯರು, ಕಾಲ್ನಡಿಗೆಯವರ ಮತ್ತು ದ್ವಿಚಕ್ರ ಸವಾರರ ಪರವಾಗಿ ಮಾತನಾಡಬಲ್ಲ ಒಬ್ಬರು ಈ ಎಂಟು ಕುರ್ಚಿಗಳಲ್ಲಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಪೊಲೀಸ್, ಲೋಕೋಪಯೋಗಿ, ಸಾರಿಗೆ ಇಲಾಖೆಗಳವರು ತಮ್ಮ ತಮ್ಮಲ್ಲೇ ಸಲಹೆ ಕೊಟ್ಟುಕೊಂಡು, ಮುಂದಿನ ಸಭೆಯಲ್ಲಿ ಅನುಪಾಲನಾ ವರದಿಯನ್ನೂ ತಾವೇ ಓದುತ್ತಾರೆ. ಆ ವರದಿಯನ್ನೂ ಸಭೆಯ ನಡಾವಳಿಯನ್ನೂ ಜಿಲ್ಲೆಯ ಜಾಲತಾಣದಲ್ಲಿ ತಪ್ಪದೆ ಹಾಕುವುದಕ್ಕೆ ಹೊಸ ಕಾಯ್ದೆಯೇನೂ ಬೇಕಿಲ್ಲ. ಅಧ್ಯಕ್ಷರ ಒಂದು ಟಿಪ್ಪಣಿ ಸಾಕು.