ಎಪ್ಪತ್ತು ಅಕ್ಷರದೊಳಗೆ ಗ್ರಂಥಾಲಯದ ಎಸ್‌ಎಂಎಸ್

ಗ್ರಂಥಾಲಯದಲ್ಲಿ ಮೊಬೈಲ್ ಸೇವೆ ಎಂದ ಕೂಡಲೇ ಎಲ್ಲರೂ ಆ್ಯಪ್ ಮಾತಾಡುತ್ತಾರೆ. ಓದುಗರಿಗೆ ದಿನನಿತ್ಯ ಉಪಯೋಗಕ್ಕೆ ಬರುವುದು ಪುಸ್ತಕ ವಾಪಸ್ ಕೊಡುವ ದಿನ ನೆನಪಿಸುವ ಒಂದು ಎಸ್‌ಎಂಎಸ್. ಹೆಚ್ಚು ಎಡವುವುದೂ ಅಲ್ಲೇ.

ಇಂಗ್ಲಿಷ್ ಸಂದೇಶಕ್ಕೆ 160 ಅಕ್ಷರ ಸಿಗುತ್ತದೆ, ಕನ್ನಡಕ್ಕೆ 70 ಮಾತ್ರ. ದಾಟಿದರೆ 67ರ ತುಂಡುಗಳಾಗಿ ಎರಡು ಎಸ್‌ಎಂಎಸ್‌ನ ದುಡ್ಡು ಬೀಳುತ್ತದೆ. ಲೆಕ್ಕವೂ ಕಣ್ಣಿಗೆ ಕಂಡಂತೆ ಅಲ್ಲ: 'ಗ್ರಂಥಾಲಯ' ನೋಡಲು ನಾಲ್ಕಕ್ಷರ, ಕಂಪ್ಯೂಟರಿನ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಎಂಟು. ಒತ್ತು, ಗುಣಿತ, ಅನುಸ್ವಾರ ಎಲ್ಲವೂ ಬೇರೆ ಬೇರೆ ಎಣಿಕೆ. 'ನೀವು ಪಡೆದ ಪುಸ್ತಕವನ್ನು ದಿನಾಂಕ 14-08ರೊಳಗೆ ಗ್ರಂಥಾಲಯಕ್ಕೆ ಹಿಂತಿರುಗಿಸಲು ಕೋರಿದೆ' ಎಂಬ ಕಚೇರಿ ವಾಕ್ಯ 72 ಆಗುತ್ತದೆ. ಎರಡೇ ಎರಡು ಅಕ್ಷರಕ್ಕೆ ಖರ್ಚು ಇಮ್ಮಡಿ. 'ಪುಸ್ತಕ 14-08ರೊಳಗೆ ಹಿಂತಿರುಗಿಸಿ' ಅಂದರೆ 29ರಲ್ಲಿ ಮುಗಿಯಿತು. ಉಳಿದ 41ರಲ್ಲಿ ಓದುಗರ ಹೆಸರು ಮೊದಲು ಬರಲಿ, ಆಮೇಲೆ ಗ್ರಂಥಾಲಯದ್ದು. ಒಂದೇ ನಂಬರ್ ಕೊಟ್ಟ ಮನೆಯಲ್ಲಿ ಮೂವರು ಸದಸ್ಯರಿದ್ದರೆ, ಹೆಸರಿಲ್ಲದ ಸಂದೇಶ ಯಾರಿಗೆಂದು ಯಾರಿಗೂ ತಿಳಿಯದು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಡಿ ಈ ವಾಕ್ಯ ಡಿಎಲ್‌ಟಿಯಲ್ಲಿ (ಟೆಲಿಕಾಂ ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ಟೆಂಪ್ಲೇಟ್, ಅಂದರೆ ಮಾದರಿ ಪಠ್ಯ ಆಗಿ ನೋಂದಣಿಯಾಗಿರಬೇಕು. ಹೆಸರು, ದಿನಾಂಕದಂಥ ಬದಲಾಗುವ ಜಾಗ ಬಿಟ್ಟು ಕಳುಹಿಸುವ ಪಠ್ಯ ಅದಕ್ಕೆ ಅಕ್ಷರಶಃ ಹೊಂದಬೇಕು. ಕನ್ನಡ ಟೈಪಿಂಗ್ ತಂತ್ರಾಂಶ ಅರ್ಧಾಕ್ಷರದ ಕೊನೆಗೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುವುದುಂಟು. ನೋಂದಾಯಿಸಿದ ಪಠ್ಯದ 'ಕಾರ್ಡ್' ಎಂಬ ಪದದಲ್ಲಿ ಅದಿಲ್ಲದೆ, ಕಳುಹಿಸಿದ್ದರಲ್ಲಿ ಇದ್ದರೆ ಸಂದೇಶ ತಿರಸ್ಕಾರ! ಹಾಗಾಗಿ ಮತ್ತೆ ಟೈಪ್ ಮಾಡಬೇಡಿ, ಅನುಮೋದನೆಯಾದ ಪಠ್ಯವನ್ನೇ ಕಾಪಿ ಮಾಡಿ ಹಾಕಿ.

ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ ಕೋಹಾ ಬಳಸುವವರು ಮೂರು ಕಡೆ ನೋಡಬೇಕು. ಸದಸ್ಯರ ನಂಬರ್ 'ಪ್ರೈಮರಿ ಫೋನ್'ನಲ್ಲಿದ್ದರೆ ಸಾಲದು. ಎಸ್‌ಎಂಎಸ್ ನಂಬರಿನ ಜಾಗವೇ ಬೇರೆ, ಅದು ಮೆಸೇಜಿಂಗ್ ಆಯ್ಕೆಗಳ ಬಳಿ ಇದೆ. ನೋಟಿಸ್ ಸಿದ್ಧಪಡಿಸುವ ಕ್ರಾನ್ ಜಾಬ್ (ಸರ್ವರ್‌ನಲ್ಲಿ ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ) ಒಂದು, ಸರದಿಯಲ್ಲಿರುವುದನ್ನು ಕಳುಹಿಸುವುದು ಇನ್ನೊಂದು. ಎರಡನೆಯದು ಓಡದಿದ್ದರೆ ಸದಸ್ಯರ ನೋಟಿಸಸ್ ಪುಟದಲ್ಲಿ 'ಪೆಂಡಿಂಗ್' ಅಂತಲೇ ಇರುತ್ತದೆ. 'ಸೆಂಟ್' ಅಂತ ಬಂದರೂ ನೆಮ್ಮದಿ ಬೇಡ: ಅದರರ್ಥ ಎಸ್‌ಎಂಎಸ್ ರವಾನಿಸುವ ಕಂಪನಿಯ ಗೇಟ್‌ವೇಗೆ ಕೊಟ್ಟಾಯಿತು ಅಷ್ಟೇ. ಡಿಎಲ್‌ಟಿ ತಿರಸ್ಕಾರ ಕಾಣುವುದು ಗೇಟ್‌ವೇ ವರದಿಯಲ್ಲಿ. ಮೊದಲ ವಾರ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ.

ಸೋಮವಾರ ರಜೆ ಇರುವ ಗ್ರಂಥಾಲಯದಲ್ಲಿ ಒಂದು ದಿನ ಮುಂಚೆ ನೆನಪಿಸುವುದು ವ್ಯರ್ಥ. ಮಂಗಳವಾರದ ಗಡುವಿನ ಸಂದೇಶ ನೋಡಿ ಬಂದವರಿಗೆ ಬೀಗ ಕಾಣುತ್ತದೆ. ಮೂರು ದಿನ ಮುಂಚೆ ಇಡಿ.

ಫೋನಿನಲ್ಲೇ ಸದಸ್ಯತ್ವ ಕಾರ್ಡ್ ತೋರಿಸುವ ಸೌಲಭ್ಯ ಕೊಡುವುದಾದರೆ ಕೌಂಟರಿನ ಸ್ಕ್ಯಾನರ್ ಮೊದಲು ಪರೀಕ್ಷಿಸಿ. ಹಳೆಯ ಕೆಂಪು ಗೆರೆಯ ಲೇಸರ್ ಸ್ಕ್ಯಾನರ್ ಕಾಗದದ ಬಾರ್‌ಕೋಡ್ ಓದುತ್ತದೆ, ಫೋನಿನ ಪರದೆಯೆದುರು ತಿಣುಕುತ್ತದೆ. ಕ್ಯಾಮೆರಾದಂತೆ ಚಿತ್ರ ತೆಗೆದು ಓದುವ ಇಮೇಜರ್ ಬಗೆಯದು ಬೇಕು, ಪರದೆಯ ಬೆಳಕು ಪೂರ್ತಿ ಏರಿಸಿರಬೇಕು.

ಇನ್ನು ಕೆಲವು ಕೀಪ್ಯಾಡ್ ಫೋನುಗಳಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತದೆ. ಸದಸ್ಯತ್ವದ ಅರ್ಜಿ ತೆಗೆದುಕೊಳ್ಳುವಾಗಲೇ 'ಫೋನಿನಲ್ಲಿ ಕನ್ನಡ ಬರುತ್ತದಾ?' ಎಂದು ಕೇಳಿ ಗುರುತು ಹಾಕಿಕೊಳ್ಳಿ. ಅಂಥವರಿಗೆ ಇಂಗ್ಲಿಷ್ ಲಿಪಿಯ ಇನ್ನೊಂದು ಟೆಂಪ್ಲೇಟ್ ನೋಂದಾಯಿಸಿಡಿ.